ನಾಲಿಗೆಗೊಂದು ಸೆರಗು

ಒಂಟಿಯಾಗಿರುವ ಮನುಷ್ಯನಿಗೆ ಊಟಕ್ಕಿಂತ ಹೆಚ್ಚು ಬೇಕಾಗುವುದು ಇನ್ನೊಬ್ಬರ ಸುದ್ದಿ. ಮಗಳ ಓದಿಗೆಂದು ಹೆಂಡತಿ ಮಂಗಳೂರಿಗೆ ಹೋದ ಮೇಲೆ ಕೊಲ್ಲಿ ದೇಶದ ಬ್ನೇದ್ ಅಲ್ ಗಾರ್‌ನ ನಮ್ಮ ಫ್ಲ್ಯಾಟಿನಲ್ಲಿ ಸದ್ದು ಮಾಡುವುದು ಫ್ರಿಜ್ಜು ಮತ್ತು ಏಸಿ ಮಾತ್ರ. ಶುಕ್ರವಾರ ಊರಿನವರ ಕೂಟಕ್ಕೆ ಹೋಗಿ, ಅಲ್ಲಿಗೆ ಬಾರದವರ ವಿಷಯ ಮಾತಾಡಿ ಬಂದರೆ ವಾರ ಹೇಗೋ ಕಳೆಯುತ್ತಿತ್ತು. ಅದಕ್ಕೆ ಕಲ್ಲು ಹಾಕಿದ್ದು ಒಂದು ಉಪನ್ಯಾಸ. ಅನ್ನಕ್ಕಿಟ್ಟು ಫೋನಿನಲ್ಲಿ ಯಾವುದೋ ವಿಡಿಯೋ ಒತ್ತಿದಾಗ ಯಹೂದಿ ವಿದ್ವಾಂಸರೊಬ್ಬರು ಸಿಕ್ಕಿದರು. ಅವರ ಪರಂಪರೆಯಲ್ಲಿ ಮರ್ಯಾದೆಯ ಸೆರಗು ಮೈಗೆ ಮಾತ್ರವಲ್ಲ, ನಾಲಿಗೆಗೂ ಬೇಕಂತೆ. ಎದುರಿಲ್ಲದವರ ಕುರಿತು, ನಿಜವೇ ಆದರೂ, ಹಗುರವಾಗಿ ಆಡಬಾರದಂತೆ. ಬಾಯಿಗೆ ಬಂದದ್ದನ್ನು ಆಡದೆ ಇರಬಲ್ಲವನಿಗೇ ಮಾತಿನ ಸ್ವಾತಂತ್ರ್ಯ ಇರುವುದಂತೆ. ನನಗೆ ಎಷ್ಟು ಹಿಡಿಸಿತೆಂದರೆ, ಅನ್ನ ಸೀದುಹೋಯಿತು. ಮರುದಿನವೇ ವ್ರತ ಹಿಡಿದೆ. ಆಮೇಲೆ ತಿಳಿಯಿತು, ಊರವರ ಸುದ್ದಿ ಬಿಟ್ಟರೆ ನನ್ನಲ್ಲಿ ಬೇರೆ ಮಾತೇ ಇರಲಿಲ್ಲ.

ಕೂಟದ ಕಾರ್ಯಕ್ರಮಗಳನ್ನೆಲ್ಲ ನಿರೂಪಿಸುವ ಲಾರೆನ್ಸ್ ಒಂದು ಸಂಜೆ ಮನೆಗೆ ಬಂದ. ಮೈಕಿಲ್ಲದೆಯೂ ಮೂರು ಮಹಡಿಗೆ ಕೇಳುವ ಗಂಟಲು ಅವನದು, ಅಂದು ಪಿಸುಗುಟ್ಟಿದ. "ಗಂಟಲಲ್ಲಿ ಗಡ್ಡೆ ಉಂಟಂತೆ ಮಾರಾಯ. ಆಪರೇಷನ್ ಆಗ್ಬೇಕು. ಸ್ವರ ಬರ್ತದಾ ಇಲ್ವಾ, ಡಾಕ್ಟರಿಗೇ ಗೊತ್ತಿಲ್ಲ. ನೀನೀಗ ಯಾರ ಸುದ್ದಿಯೂ ಮಾತಾಡುದಿಲ್ಲಂತೆ, ಅದಕ್ಕೇ ಬಂದೆ."

ಮುಂದಿನ ಶುಕ್ರವಾರ ಕೂಟದಲ್ಲಿ ಅವನದೇ ಮಾತು. "ಲಾರೆನ್ಸಿಗೆ ಈಗ ದೊಡ್ಡಸ್ತಿಕೆ. ಫೋನೇ ಎತ್ತುದಿಲ್ಲ." ನಿಜ ನನ್ನ ನಾಲಿಗೆಯ ತುದಿಯಲ್ಲಿತ್ತು. ನುಂಗಿಕೊಂಡು, "ಬೇರೆ ಎಂತಾದ್ರೂ ಮಾತಾಡುವ" ಎಂದೆ. "ಇವನಿಗೂ ಶುರುವಾಯ್ತು" ಎಂದರು. ಮರುವಾರದಿಂದ ನನ್ನನ್ನು ಯಾರೂ ಕರೆಯಲಿಲ್ಲ.

ಆಪರೇಷನ್ ದಿನ ರಜೆ ಹಾಕಿ ಆಸ್ಪತ್ರೆಯಲ್ಲಿ ಲಾರೆನ್ಸನ ಪಕ್ಕ ಕುಳಿತೆ. ಅವನು ಮಾತಾಡುವಂತಿಲ್ಲ, ನನ್ನಲ್ಲಿ ಮಾತಿಲ್ಲ. ಅವನು ನನ್ನ ಕೈ ಹಿಡಿದುಕೊಂಡೇ ಮಲಗಿದ್ದ. ಗಡ್ಡೆ ಅಪಾಯದ್ದಲ್ಲವೆಂದು ವೈದ್ಯರು ಹೇಳಿದಾಗ ಇಬ್ಬರೂ ಅತ್ತೆವು, ಸದ್ದಿಲ್ಲದೆ.

ಸ್ವರ ಮರಳಿದ ಮೇಲೆ ಅವನು ನನ್ನನ್ನೂ ಎಳೆದುಕೊಂಡು ಕೂಟಕ್ಕೆ ಹೋದ. ವೇದಿಕೆ ಹತ್ತಿ ಎಲ್ಲವನ್ನೂ ಹೇಳಿಬಿಟ್ಟ. "ಇವನೊಬ್ಬನಿಗೆ ಗೊತ್ತಿತ್ತು. ಯಾರಿಗೂ ಹೇಳ್ಲಿಲ್ಲ." ಚಪ್ಪಾಳೆ ಬಿತ್ತು. ನಾನು ವಿನಯದಿಂದ ತಲೆ ತಗ್ಗಿಸಿದೆ. ಹಿಂದಿನ ಸಾಲಿನವರಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬ ಚಿಂತೆ ಮಾತ್ರ ಉಳಿಯಿತು.

ಮನೆಗೆ ಬಂದು ಹೆಂಡತಿಗೆ ಫೋನು ಮಾಡಿದೆ. ನನ್ನ ಹೊಗಳಿಕೆಯನ್ನು ನಾನೇ ಹೇಳಿಕೊಳ್ಳುವುದು ಹೇಗೆ? "ಎಂತ ವಿಶೇಷ?" ಎಂದಳು. "ಎಂತದೂ ಇಲ್ಲ" ಎಂದು, ಇನ್ನೊಮ್ಮೆ ಕೇಳಲಿ ಎಂದು ಕಾದೆ.

"ಹಾಗಾದ್ರೆ ಇಡ್ತೇನೆ. ಕುಕ್ಕರ್ ಕೂಗ್ತಾ ಉಂಟು" ಎಂದಳು.