ಇಪ್ಪತ್ತನಾಲ್ಕು ಹೆಜ್ಜೆ

ನನಗೆ ನಡೆಯಲು ಬರುವುದಿಲ್ಲ ಎನ್ನುವ ಸಂಗತಿ ನನ್ನ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಗೊತ್ತಾಯಿತು. ಅದಕ್ಕೂ ಮುಂಚೆ ಯಾರೂ ಹೇಳಿರಲಿಲ್ಲ. ಹಾಡಲು ಬರುವುದಿಲ್ಲವೆಂದು ನೆಂಟರು ನನ್ನ ಮದುವೆಯಲ್ಲೇ ಹೇಳಿದ್ದಾರೆ, ತೆಂಗಿನಕಾಯಿ ಸುಲಿಯಲು ಬರುವುದಿಲ್ಲವೆಂದು ಹೆಂಡತಿ ಗಿರಿಜಾ ವಾರಕ್ಕೊಮ್ಮೆಯಾದರೂ ಹೇಳುತ್ತಾಳೆ. ಆದರೆ ನಡಿಗೆಯ ವಿಚಾರದಲ್ಲಿ ನನಗೆ ಕೆಟ್ಟ ಹೆಸರಿರಲಿಲ್ಲ. ನಲ್ಲೂರಿನ ಪಕ್ಕದ ನಮ್ಮ ಹಳ್ಳಿಯ ಹಾಲಿನ ಡೇರಿಗೆ ನಾನು ಇಪ್ಪತ್ತೆರಡು ವರ್ಷದಿಂದ ಕಾರ್ಯದರ್ಶಿ. ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ, ನಡುವೆ ಕ್ಯಾನುಗಳ ಸಂದಿಯಲ್ಲಿ ಓಡಾಟ. ಇಷ್ಟು ದೂರಕ್ಕೆ ಯಾವ ಕಾಲು ಮೊದಲು ಇಟ್ಟೆ ಎಂದು ಯಾರು ನೋಡುತ್ತಾರೆ?

ನೋಡುವವರೂ ಇದ್ದಾರೆ ಎಂದು ತಿಳಿದದ್ದು ಮಗನ ಶಾಲೆಯಿಂದ ಸುತ್ತೋಲೆ ಬಂದ ದಿನ. ನನ್ನ ಮಗ ಹೇಮಂತ ಆರನೆಯ ತರಗತಿಯಿಂದಲೂ ದೊಡ್ಡಬಳ್ಳಾಪುರದ ಆಚೆ ಒಂದು ಹುಡುಗರ ಮಿಲಿಟರಿ ಶಾಲೆಯಲ್ಲಿ, ಅಲ್ಲಿಯ ಹಾಸ್ಟೆಲಿನಲ್ಲೇ ಇದ್ದು ಓದಿದವನು. ಶಾಲೆಯ ಹೆಸರು ಎಲ್ಲೂ ಬರೆಯಕೂಡದೆಂದು ಅವನ ಅಪ್ಪಣೆಯಾಗಿದೆ. ಯಾಕೆಂದು ಓದುತ್ತಾ ನಿಮಗೇ ಗೊತ್ತಾಗುತ್ತದೆ. ಈ ವರ್ಷ ಅವನ ಹನ್ನೆರಡನೆಯ ತರಗತಿ ಮುಗಿಯಿತು. ಓದು ಮುಗಿಸಿ ಹೊರಡುವ ಹುಡುಗರಿಗೆ ಅಲ್ಲಿ ಕೊನೆಯ ಕವಾಯಿತು ಅಂತ ಒಂದಿರುತ್ತದೆ. ಅದು ಮುಗಿದ ಮೇಲೆ ಒಬ್ಬೊಬ್ಬ ಹುಡುಗನೂ ಒಂದು ಪಕ್ಕಕ್ಕೆ ಅಪ್ಪ, ಇನ್ನೊಂದು ಪಕ್ಕಕ್ಕೆ ಅಮ್ಮ ಎಂದು ಇಟ್ಟುಕೊಂಡು, ಮೈದಾನದ ಅಂಚಿನಿಂದ ವೇದಿಕೆಯವರೆಗೆ ನಡೆದು, ಸೆಲ್ಯೂಟ್ ಹೊಡೆದು, ನೆನಪಿನ ಫಲಕ ಇಸಿದುಕೊಳ್ಳಬೇಕು. ಸುತ್ತೋಲೆ ಹೇಳುತ್ತಿತ್ತು: ದೂರ ಇಪ್ಪತ್ತನಾಲ್ಕು ಹೆಜ್ಜೆ. ಪಾಲಕರು ಬೂಟು ಧರಿಸತಕ್ಕದ್ದು. ಎಡಗಾಲಿನಿಂದ ಆರಂಭಿಸತಕ್ಕದ್ದು. ದೊಡ್ಡ ಡ್ರಮ್ಮಿನ ಪೆಟ್ಟಿಗೆ ಎಡಗಾಲು ನೆಲ ಮುಟ್ಟತಕ್ಕದ್ದು. ಪಾಲಕರ ಹೆಜ್ಜೆ ಮಗನ ಹೆಜ್ಜೆಯೊಂದಿಗೆ ಹೊಂದತಕ್ಕದ್ದು. ಹಾಲಿನಲ್ಲಿ ನೀರು ಸಿಕ್ಕಿದಾಗ ಮೇಲಿನವರು ಕಳಿಸುವ ನೋಟೀಸಿನಲ್ಲೂ ಇಷ್ಟು ತಕ್ಕದ್ದುಗಳಿರುವುದಿಲ್ಲ.

ನಡೆಯುವುದಕ್ಕೆ ಇಷ್ಟೊಂದು ಹೆದರಿಕೆಯೇ ಎಂದು ನೀವು ನಗಬಹುದು. ಆ ಮೈದಾನಕ್ಕೂ ನನಗೂ ಹಳೆಯ ಲೆಕ್ಕ ಒಂದಿದೆ. ಹೇಮಂತ ಸೇರಿದ ಮೊದಲ ವರ್ಷ, ಪಾಲಕರು ಬಂದು ನೋಡಬಹುದಾದ ಮೊದಲ ಭಾನುವಾರ, ಹಾಲಿನ ಕೆಲಸ ಮುಗಿಸಿ ಬಸ್ಸು ಬದಲಿಸಿ ಬದಲಿಸಿ ನಾನು ಶಾಲೆ ಮುಟ್ಟುವ ಹೊತ್ತಿಗೆ ತಡವಾಗಿತ್ತು. ಕೈಯಲ್ಲಿ ಗಿರಿಜಾ ಕರಿದ ನಿಪ್ಪಟ್ಟಿನ ದೊಡ್ಡ ಸ್ಟೀಲ್ ಡಬ್ಬಿ. ಗೇಟಿನಿಂದ ಎದುರಿಗೇ ಹಾಸ್ಟೆಲ್ ಕಾಣುತ್ತಿತ್ತು, ನಡುವೆ ಗುಡಿಸಿ ಸುಣ್ಣದ ಗೆರೆ ಎಳೆದ ಖಾಲಿ ಮೈದಾನ. ಹೊಲದ ಬದುವಿನ ಮೇಲೆ ನಡೆದು ಬೆಳೆದವನಿಗೆ ಎದುರಿಗೆ ಕಾಣುವ ಜಾಗಕ್ಕೆ ಸುತ್ತಿ ಹೋಗಬೇಕೆಂದು ಹೇಗೆ ಹೊಳೆಯಬೇಕು? ಸೀದಾ ಅಡ್ಡ ಹಾಯ್ದೆ. ಆ ಮೈದಾನದಲ್ಲಿ ಪ್ರಿನ್ಸಿಪಾಲರು ಕೂಡ ಸುಮ್ಮಸುಮ್ಮನೆ ಕಾಲಿಡುವುದಿಲ್ಲವಂತೆ. ನಾನು ನಡುಮಧ್ಯಕ್ಕೆ ಬಂದಾಗ ಸೀಟಿ ಕೂಗಿತು. ಹುಡುಗರು ಉಸ್ತಾದ್ ಎಂದು ಕರೆಯುವ ಕವಾಯಿತು ಮೇಷ್ಟ್ರು ದೂರದಿಂದ ಹಿಂದಿಯಲ್ಲಿ ಏನೋ ಕೂಗುತ್ತಾ ಕೈಯಾಡಿಸಿದರು. ಎಂಥಾ ಒಳ್ಳೆಯ ಮನುಷ್ಯ, ಇಷ್ಟು ದೂರದಿಂದಲೇ ಮಾತಾಡಿಸುತ್ತಿದ್ದಾರಲ್ಲ ಎಂದು ನಾನೂ ಕೈಯೆತ್ತಿ ಆಡಿಸಿದೆ. ಎತ್ತಿದ್ದು ಡಬ್ಬಿಯಿದ್ದ ಕೈ. ಮುಚ್ಚಳ ಹಾರಿ ಸುಣ್ಣದ ಗೆರೆಯ ಉದ್ದಕ್ಕೂ ನಿಪ್ಪಟ್ಟು ಉರುಳಿದವು. ಸುತ್ತಲೂ ಮುನ್ನೂರು ಹುಡುಗರು ನೋಡುತ್ತಿದ್ದರು, ಅವರಲ್ಲಿ ನನ್ನ ಮಗನೂ ಒಬ್ಬ. ಅಪ್ಪನಿಗೆ ನಿಯಮ ಹೇಳಿಕೊಡದ ತಪ್ಪಿಗೆ ಅವನು ಅದೇ ಮೈದಾನದ ಸುತ್ತ ಮೂರು ಸುತ್ತು ಓಡಿದ.

ರಜೆಯಲ್ಲಿ ಅವನು ಮನೆಗೆ ಬಂದಾಗ ಅವನ ಗೆಳೆಯನೊಬ್ಬ ನನ್ನ ಫೋನಿಗೆ ಕರೆ ಮಾಡಿ, "ಅಂಕಲ್, ಶಾರ್ಟ್‌ಕಟ್ ಇದ್ದಾನಾ?" ಎಂದು ಕೇಳಿದ. ಹಾಗೆ ಯಾರೂ ಇಲ್ಲಪ್ಪಾ ಎಂದು ಇಟ್ಟುಬಿಟ್ಟೆ. ಇಟ್ಟ ಮೇಲೆ ಅರ್ಥವಾಯಿತು. ಹುಡುಗನಿಗೆ ಹೆಸರಿಡಲು ನಾವು ಮೂರು ತಿಂಗಳು ಯೋಚಿಸಿದ್ದೆವು. ಅದನ್ನು ನಾನು ಒಂದೇ ನಿಮಿಷದಲ್ಲಿ ಅಳಿಸಿಹಾಕಿದ್ದೆ. ಆವತ್ತಿನಿಂದ ನಾನು ಆ ಶಾಲೆಯ ಕಡೆಗೆ ತಲೆಹಾಕಲಿಲ್ಲ. ಪ್ರತಿಸಲವೂ ಡೇರಿ ಕೆಲಸ ಎಂದು ನೆಪ ಹೇಳಿ ಗಿರಿಜಾಳನ್ನು ಅವಳ ಅಣ್ಣನ ಜೊತೆ ಕಳಿಸಿದೆ. ನಿಪ್ಪಟ್ಟು ಮಾತ್ರ ಬೇಡ, ಹಣ್ಣು ತೆಗೆದುಕೊಂಡು ಹೋಗು ಎಂದು ಕಟ್ಟುನಿಟ್ಟಾಗಿ ಹೇಳಿದೆ. ಅಲ್ಲಿಂದಾಚೆಗೆ ನನಗೆ ಅಡ್ಡದಾರಿ ಎಂದರೇ ಭಯ. ಡೇರಿಗೆ ಕೂಡ ರಸ್ತೆ ಸುತ್ತಿಕೊಂಡೇ ಹೋಗುತ್ತೇನೆ.

ಸುತ್ತೋಲೆ ಬಂದ ಭಾನುವಾರ ಹೇಮಂತ ಹಾಸ್ಟೆಲಿನಿಂದ ಫೋನ್ ಮಾಡಿದ. "ಅಪ್ಪಾ, ಡೇರಿ ಬಿಟ್ಟು ಬರಕ್ಕಾಗಲ್ಲ ಅಂದ್ರೆ ಪರ್ವಾಗಿಲ್ಲ. ಅಪ್ಪನ ಜಾಗದಲ್ಲಿ ಮಾಮ ಬರ್ಬೋದಂತೆ, ಕೇಳಿದ್ದೀನಿ" ಎಂದ. ಕೇಳಿದ್ದೀನಿ ಎಂಬ ಒಂದು ಮಾತು ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು. ಅಂದರೆ ಕೇಳುವಷ್ಟು ಯೋಚನೆ ಮಾಡಿದ್ದಾನೆ. ನನ್ನ ಭಾವಮೈದುನ ಹೊಸಕೋಟೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಅವರು ಮದುವೆಮನೆಯಲ್ಲಿ ಕೈ ತೊಳೆಯಲು ಹೋಗುವಾಗಲೂ ಎದೆ ಮುಂದೆ ಮಾಡಿಕೊಂಡೇ ಹೋಗುತ್ತಾರೆ. "ಅಣ್ಣಂಗೆ ಕವಾಯಿತು ಅಭ್ಯಾಸ ಐತೆ ಕಣ್ರೀ, ನಿಮಗ್ಯಾಕೆ ತೊಂದ್ರೆ" ಎಂದು ಗಿರಿಜಾ ಅಂದಾಗ ನಾನು ಎದ್ದು ಹೋಗಿ, ನೀರು ತುಂಬಿದ್ದ ತೊಟ್ಟಿಗೆ ಇನ್ನಷ್ಟು ನೀರು ತುಂಬಿಸಿದೆ. ನನಗೆ ನಿಜವಾಗಿ ಹೆದರಿಕೆಯಾಗಿತ್ತು. ಏಳು ವರ್ಷದ ಕೊನೆಗೆ ಮಗನ ಪಕ್ಕದಲ್ಲಿ ನಡೆಯಲು ಸಿಗುವುದು ಇಪ್ಪತ್ತನಾಲ್ಕು ಹೆಜ್ಜೆ, ಅದನ್ನೂ ಇನ್ನೊಬ್ಬರಿಗೆ ಬಿಟ್ಟುಕೊಡುವುದೇ? ಬಿಟ್ಟುಕೊಡದೆ ಹೋಗಿ ಮತ್ತೆ ಮಾನ ಕಳೆದರೆ?

ನಮ್ಮ ಪಕ್ಕದ ಮನೆಯ ಚೌಡಪ್ಪಣ್ಣ ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾದವರು. ಗುಟ್ಟಾಗಿ ಅವರ ಮೊರೆಹೋದೆ. ಊರೊಳಗೆ ಕಲಿತರೆ ಜನ ಕುರ್ಚಿ ಹಾಕಿಕೊಂಡು ಕೂರುತ್ತಾರೆಂದು ಬೆಳಗಿನ ಹಾಲು ಕಳಿಸಿದ ಮೇಲೆ ನಲ್ಲೂರಿನ ಹುಣಸೆ ತೋಪಿಗೆ ಹೋಗುತ್ತಿದ್ದೆವು. ಮೊದಲ ದಿನವೇ ಭಯಂಕರವಾದ ವಿಷಯ ಹೊರಬಿತ್ತು. ನಾನು ಗಮನವಿಟ್ಟು ನಡೆದರೆ ಎಡಗಾಲಿನ ಜೊತೆ ಎಡಗೈಯೂ, ಬಲಗಾಲಿನ ಜೊತೆ ಬಲಗೈಯೂ ಮುಂದಕ್ಕೆ ಹೋಗುತ್ತವೆ. ಚೌಡಪ್ಪಣ್ಣ ಒಂದು ಬೇರಿನ ಮೇಲೆ ಕೂತುಬಿಟ್ಟರು.

"ಸೆಕ್ರೆಟ್ರಿಗಳೇ, ಇಷ್ಟು ವರ್ಷ ಹೆಂಗೆ ಓಡಾಡ್ಕೊಂಡಿದ್ರಿ?" ಎಂದು ಕೇಳಿದರು.

"ಯೋಚ್ನೆ ಮಾಡ್ತಿರ್ಲಿಲ್ಲ ಅಣ್ಣ."

"ಈಗ್ಲೂ ಮಾಡ್ಬೇಡಿ."

"ಯೋಚ್ನೆ ಮಾಡ್ಬಾರ್ದು ಅಂತ ಯೋಚ್ನೆ ಮಾಡಿದ್ರೂ ಕೈ ಹಂಗೇ ಹೋಗ್ತದೆ."

ಕೊನೆಗೆ ಅವರು, ಕೈಗಳನ್ನು ಪ್ಯಾಂಟಿಗೆ ಅಂಟಿಸಿಕೊಂಡೇ ನಡೆಯಿರಿ ಎಂದು ತೀರ್ಪು ಕೊಟ್ಟರು. ಹೆಜ್ಜೆ ತಪ್ಪಿದರೆ ಸರಿಮಾಡಿಕೊಳ್ಳುವ ಒಂದು ಉಪಾಯವನ್ನೂ ಕಲಿಸಿದರು. ಕದಂ ಬದಲ್ ಎನ್ನುತ್ತಾರಂತೆ. ಹಿಂದಿನ ಕಾಲನ್ನು ಮುಂದಿನ ಕಾಲಿನ ಹಿಮ್ಮಡಿಗೆ ತಂದು, ಸಣ್ಣಗೆ ಕುಪ್ಪಳಿಸಿದ ಹಾಗೆ ಮಾಡಿ, ಮತ್ತೆ ಅದೇ ಮುಂದಿನ ಕಾಲನ್ನೇ ಹಾಕುವುದು. ಇದು ಮಾತ್ರ ನನಗೆ ಚೆನ್ನಾಗಿ ಬಂತು. ತಪ್ಪುವುದರಲ್ಲಿ ಅನುಭವ ಇದ್ದವನಿಗೆ ತಿದ್ದಿಕೊಳ್ಳುವುದು ಬೇಗ ಹಿಡಿಸುತ್ತದೆಯೋ ಏನೋ. ಒಂದು ದಿನ ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬಂದಿದ್ದ ಜೋಡಿಯೊಂದರ ಹಿಂದೆ ನಾನು ಕುಪ್ಪಳಿಸಿಕೊಂಡು ಹಾದುಹೋದೆ. "ಗುರು, ಫ್ರೇಮಿಂದ ಸ್ವಲ್ಪ ಆಚೆ ಹೋಗಿ ಜಂಪ್ ಮಾಡ್ತೀರಾ?" ಎಂದು ಫೋಟೋದವನು ಕೈಮುಗಿದ.

ದೇವನಹಳ್ಳಿಯಲ್ಲಿ ಕೊಂಡ ಹೊಸ ಬೂಟು ಅಷ್ಟರಲ್ಲಿ ಎರಡು ಹಿಮ್ಮಡಿಗಳನ್ನೂ ಕಚ್ಚಿತ್ತು. ಕಲಿತ ನಡಿಗೆ ಡೇರಿಗೂ ಹಿಂಬಾಲಿಸಿ ಬಂತು. ಸಂಜೆ ಹಾಲು ಹಾಕಲು ಬರುವ ಮುದುಕಿ ಪಿಳ್ಳಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಯಾಕಪ್ಪಾ, ಸೊಂಟ ಹಿಡ್ಕೊಂಡೈತಾ? ಹರಳೆಣ್ಣೆ ಕಾಯ್ಸಿ ಕೊಡ್ತೀನಿ, ತಿಕ್ಕುಸ್ಕೋ" ಎಂದಳು. ಬೇಡವೆಂದರೂ ಮರುದಿನ ಸೀಸೆಯಲ್ಲಿ ತಂದೇಬಿಟ್ಟಳು. ಗಿರಿಜಾಗೆ ಗುಟ್ಟು ತಿಳಿದದ್ದು ಆ ಸೀಸೆಯಿಂದ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಹಿಮ್ಮಡಿಗೆ ಇಟ್ಟುಕೊಳ್ಳಿ ಎಂದು ಹತ್ತಿ ತಂದುಕೊಟ್ಟಳು. ಆದರೂ ಅಣ್ಣನಿಗೆ ಫೋನ್ ಮಾಡಿ, ಆ ದಿನ ರಜೆ ಹಾಕಿಕೊಂಡು ನೀನೂ ಬಾ ಎಂದು ಹೇಳಿದ್ದು ನನ್ನ ಕಿವಿಗೆ ಬಿತ್ತು.

ಆ ದಿನ ಬಂತು. ಗೇಟಿನೊಳಗೆ ಹೋದವನೇ ಮೈದಾನವನ್ನು ಕಣ್ಣೆತ್ತಿಯೂ ನೋಡದೆ ಬೇಲಿಯ ಪಕ್ಕದಲ್ಲಿ ಪೂರ್ತಿ ಸುತ್ತಿ ಹೋಗಿ ನಮ್ಮ ಜಾಗ ಸೇರಿದೆ. ಭಾವಮೈದುನ ಇಸ್ತ್ರಿ ಶರ್ಟಿನಲ್ಲಿ ಹಿಂದಿನ ಸಾಲಿನಲ್ಲಿ ಕೂತು, "ಭಾವಾ, ಕಷ್ಟ ಅನ್ನಿಸಿದ್ರೆ ಸನ್ನೆ ಮಾಡಿ, ಬಂದ್ಬಿಡ್ತೀನಿ" ಎಂದರು. ಕವಾಯಿತು ಮುಗಿಸಿ ಹೇಮಂತ ನಮ್ಮ ಬಳಿ ಬಂದ. ಮೀಸೆ ಬಂದಿದೆ, ನನಗಿಂತ ಗೇಣುದ್ದ ಎತ್ತರ. "ಬಂದ್ರಾ ಅಪ್ಪಾ" ಎಂದಷ್ಟೇ ಹೇಳಿ ನನ್ನ ಬೂಟು ನೋಡಿದ.

ನಮ್ಮ ಸರದಿ ಬಂದಾಗ ಡ್ರಮ್ಮು ಬಾರಿಸಿದರು. ನಾನು ಬಲಗಾಲು ಇಟ್ಟೆ. ಹದಿನೆಂಟು ದಿನ ಹುಣಸೆ ತೋಪಿನಲ್ಲಿ ಎಡಗಾಲು ಇಟ್ಟವನು ಅಲ್ಲಿ ಬಲಗಾಲು ಇಟ್ಟೆ. ಎರಡನೆಯ ಹೆಜ್ಜೆಗೇ ಗೊತ್ತಾಗಿ, ಚೌಡಪ್ಪಣ್ಣನನ್ನು ನೆನೆದು ಸಣ್ಣಗೆ ಕುಪ್ಪಳಿಸಿ ಸರಿಮಾಡಿಕೊಂಡೆ. ಪಕ್ಕಕ್ಕೆ ನೋಡಿದರೆ ಈಗಲೂ ಹೊಂದಿಲ್ಲ. ಮತ್ತೆ ಕುಪ್ಪಳಿಸಿದೆ. ಆಗಲೂ ಇಲ್ಲ. ಡ್ರಮ್ಮಿನ ಪೆಟ್ಟು ತಲೆಯೊಳಗೆ ಬೀಳುತ್ತಿತ್ತು. ಐದು ಸಲವೋ ಆರು ಸಲವೋ ಬದಲಿಸಿರಬೇಕು. ಗಿರಿಜಾ ಮಾತ್ರ ಪಕ್ಕದ ಮನೆಗೆ ಸಾರಿನ ಬಟ್ಟಲು ಕೊಡಲು ಹೋಗುವ ಹಾಗೆ ಆರಾಮಾಗಿ ನಡೆದು, ನಮಗಿಂತ ಮುಂಚೆ ವೇದಿಕೆ ಮುಟ್ಟಿ, ತಿರುಗಿ ನಿಂತು ಕಾಯುತ್ತಿದ್ದಳು. ಸಾಲಿನಲ್ಲಿದ್ದ ಹುಡುಗರೊಳಗಿಂದ ಯಾರೋ "ಶಾರ್ಟ್‌ಕಟ್" ಎಂದು ಕೂಗಿದರು, ಇಡೀ ಸಾಲು ಚಪ್ಪಾಳೆ ತಟ್ಟಿತು. ಮುಗಿಯಿತು ಕಥೆ ಎಂದುಕೊಂಡೆ.

ಎಲ್ಲ ಮುಗಿದು ನೆರಳಿಗೆ ಬಂದ ಮೇಲೆ ಹೇಮಂತ ಟೋಪಿ ತೆಗೆದು ಬೆವರು ಒರೆಸಿಕೊಂಡ. "ಅಪ್ಪಾ, ಅದ್ಯಾಕೆ ಹಂಗೆ ಕಾಲು ಬದಲಾಯಿಸ್ತಾನೇ ಇದ್ರಿ?"

"ನಿನ್ನ ಹೆಜ್ಜೆಗೆ ಸರಿಹೋಗ್ಲಿ ಅಂತ ಕಣೋ. ತಪ್ಪಿಹೋಗಿತ್ತಲ್ಲ."

"ನಾನೂ ನಿಮ್ಮ ಹೆಜ್ಜೆಗೆ ಅಂತ ಬದಲಾಯಿಸ್ತಿದ್ದೆ. ನೀವು ಸುಮ್ನೆ ತಪ್ಪಾಗೇ ನಡೆದಿದ್ರೆ ಸರಿಯಾಗ್ತಿತ್ತು."

ಅಷ್ಟರಲ್ಲಿ ನಾಲ್ಕೈದು ಹುಡುಗರು ನುಗ್ಗಿ ಬಂದರು. ಅವರಲ್ಲೊಬ್ಬ ನನ್ನ ಎರಡು ಕೈಗಳನ್ನೂ ನೋಡಿ, "ಅಂಕಲ್, ನಿಪ್ಪಟ್ಟಿನ ಡಬ್ಬಿ ತಂದಿಲ್ವಾ?" ಎಂದ. ಆವತ್ತು ಮೈದಾನದಲ್ಲಿ ಬಿದ್ದದ್ದನ್ನೆಲ್ಲ ಆರಿಸಿಕೊಂಡು ಹಾಸ್ಟೆಲಿನವರೆಲ್ಲ ಹಂಚಿಕೊಂಡು ತಿಂದಿದ್ದರಂತೆ. "ಸುಣ್ಣ ಒರೆಸ್ಕೊಂಡು ತಿಂದ್ವಿ ಅಂಕಲ್. ಪ್ರತಿ ಸಲ ಇವನನ್ನ ಕೇಳ್ತಿದ್ವಿ, ಶಾರ್ಟ್‌ಕಟ್ ಅಂಕಲ್ ಈ ಸಲ ಬರ್ತಾರಾ ಅಂತ. ಡೇರಿ ಕೆಲಸ ಜಾಸ್ತಿ ಕಣೋ, ಮುಂದಿನ ಸಲ ಬರ್ತಾರೆ ಅಂತಿದ್ದ." ಶಾರ್ಟ್‌ಕಟ್ ಎಂಬ ಹೆಸರು ನನ್ನ ಮಗನದಷ್ಟೇ ಆಗಿರಲಿಲ್ಲ, ನನ್ನದೂ ಆಗಿತ್ತು. ಅದನ್ನು ಪ್ರೀತಿಯಿಂದಲೇ ಇಟ್ಟುಕೊಂಡಿದ್ದರು. ನಾನು ನಾಚಿಕೆಯಿಂದ ಬಚ್ಚಿಟ್ಟುಕೊಂಡ ಆರು ವರ್ಷ ಮಗ ನಾನು ಹೇಳಿದ ನೆಪವನ್ನು ನಿಜವೆಂದು ನಂಬಿ, ಅದನ್ನೇ ಗೆಳೆಯರಿಗೆ ಹೇಳುತ್ತಾ ಕಾದಿದ್ದ. ಮಾಮನ ವಿಷಯ ಕೇಳಿಟ್ಟುಕೊಂಡದ್ದೂ ಅದಕ್ಕೇ. ನನಗೆ ಬಹಳ ಸಂಕಟವಾಯಿತು. ಮುಂದಿನ ವಾರ ಮನೆಗೆ ಬನ್ನಿ, ಡಬ್ಬಿ ತುಂಬ ನಿಪ್ಪಟ್ಟು ಕರಿಸುತ್ತೇನೆ ಎಂದೆ. ಕರಿಯಬೇಕಾದವಳು ನನ್ನನ್ನು ದುರುಗುಟ್ಟಿ ನೋಡಿದಳು.

ಹೊರಡುವ ಹೊತ್ತಾಯಿತು. ಹೇಮಂತನ ಕಬ್ಬಿಣದ ಟ್ರಂಕಿನ ಒಂದು ಹಿಡಿ ಅವನು ಹಿಡಿದ, ಒಂದು ನಾನು. "ಹೋಗೋ ಹುಡುಗರು ಇವತ್ತೊಂದು ದಿನ ಮೈದಾನದಲ್ಲಿ ಅಡ್ಡ ಹೋಗ್ಬೋದು ಅಪ್ಪಾ. ಬನ್ನಿ" ಎಂದ. ಎರಡು ಹೆಜ್ಜೆ ಮುಂದೆ ಇಟ್ಟವನು ನಿಂತ, ಯಾಕೆಂದರೆ ಟ್ರಂಕಿನ ನನ್ನ ಕಡೆಯ ತುದಿ ಕದಲಲಿಲ್ಲ. ಸುಣ್ಣದ ಗೆರೆ ನೋಡಿ ನನ್ನ ಕಾಲು ಏಳಲೇ ಇಲ್ಲ. ಅವನು ನನ್ನ ಮುಖ ನೋಡಿ ತಿರುಗಿ ಬಂದ. ಬೇಲಿಯ ಪಕ್ಕದ ಸುತ್ತುದಾರಿಯಲ್ಲೇ ಹೊರಟೆವು. ಇಪ್ಪತ್ತೆರಡು ವರ್ಷದಿಂದ ತುಂಬಿದ ಹಾಲಿನ ಕ್ಯಾನುಗಳನ್ನು ಇನ್ನೊಬ್ಬರ ಜೊತೆ ಹೀಗೇ ಒಂದೊಂದು ಹಿಡಿ ಹಿಡಿದು ಲಾರಿಗೆ ಹೊತ್ತವನು ನಾನು. ಹಾಲು ತುಳುಕಬಾರದೆಂದರೆ ಇಬ್ಬರ ಹೆಜ್ಜೆಯೂ ಒಟ್ಟಿಗೆ ಬೀಳಬೇಕು, ಅದನ್ನು ನನಗೆ ಯಾರೂ ಹೇಳಿಕೊಟ್ಟಿಲ್ಲ. ಡ್ರಮ್ಮಿಲ್ಲ, ಉಸ್ತಾದ್ ಇಲ್ಲ, ಅಪ್ಪ ಮಗ ಗೇಟಿನ ಕಡೆಗೆ ಒಂದೇ ಹೆಜ್ಜೆಯಲ್ಲಿ ನಡೆದೆವು, ಇಪ್ಪತ್ತನಾಲ್ಕರ ಹತ್ತುಪಟ್ಟಾದರೂ ಇದ್ದೀತು.

ಹಿಂದಿನಿಂದ ಬರುತ್ತಿದ್ದ ಗಿರಿಜಾ, "ರೀ, ಈಗ ನೋಡಿ ಎಷ್ಟು ಚೆನ್ನಾಗಿ ಹೊಂದ್ಕೊಂಡು ನಡೀತಿದ್ದೀರಾ" ಎಂದಳು. ನಾನು ನೋಡಿಕೊಂಡೆ. ಮರುಕ್ಷಣವೇ ಟ್ರಂಕಿನ ಮೂಲೆ ಬಂದು ಮೊಣಕಾಲಿಗೆ ಬಡಿಯಿತು. ಪಿಳ್ಳಮ್ಮನ ಎಣ್ಣೆ ಸೀಸೆಯ ಮುಚ್ಚಳವನ್ನು ಆ ಸಂಜೆ ಮೊದಲ ಸಲ ತೆಗೆದೆ.