ಅವ್ವ ಕೇಳಿದ ಪಟ್ಟಿ

ಯಾರಾದರೂ ಒಂದು ಮಾತು ಹೇಳಿದ ಕೂಡಲೇ ಅದರ ಎದುರು ಪಕ್ಷವನ್ನು ಹುಡುಕಿಕೊಂಡು ಹೋಗುವುದು ನನ್ನ ಹುಟ್ಟುಗುಣವಲ್ಲ, ಕಷ್ಟಪಟ್ಟು ಕಲಿತ ವಿದ್ಯೆ. ಮುಂಬೈ ಪಕ್ಕದ ಠಾಣೆ ಊರಿನ ಕಾಲೇಜಿನಲ್ಲಿ ನಮ್ಮನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡಿದ ಸರ್, ಬೆಳಿಗ್ಗೆ ಒಂದು ವಿಷಯದ ಪರವಾಗಿ ಮಾತಾಡಿಸಿ, ಊಟವಾದ ಮೇಲೆ ಅದೇ ವಿಷಯದ ವಿರುದ್ಧ ಮಾತಾಡಿಸುತ್ತಿದ್ದರು. ವೇದಿಕೆಯ ಮೇಲೆ ಇದಕ್ಕೆ ಚಪ್ಪಾಳೆ ಬೀಳುತ್ತದೆ. ಡೊಂಬಿವಲಿಯ ನಮ್ಮ ಮನೆಯಲ್ಲಿ ಬೀಳುವುದು ಬೈಗುಳ. ಬದನೆಕಾಯಿ ತಾಜಾ ಇದೆ ಎಂದ ಭಾಜಿಯವನಿಗೆ "ಯಾವುದಕ್ಕೆ ಹೋಲಿಸಿದರೆ?" ಎಂದು ಕೇಳಿ, ಉತ್ತರ ಸಮರ್ಪಕವಾಗಿಲ್ಲವೆಂದು ಬರಿಗೈಯಲ್ಲಿ ಮನೆಗೆ ಬಂದ ದಿನ ಅವ್ವ ಹೇಳಿದಳು: "ನಿನ್ನ ನೋಡಾಕ ಬರೋ ವರ, ಸಂಗಡ ಒಬ್ಬ ವಕೀಲನ್ನ ಕರಕೊಂಡ ಬರಬೇಕವಾ."

ಇಂಥ ಅವ್ವ ಹಾಡುವುದನ್ನು ಬಿಟ್ಟು ಬಹಳ ದಿನಗಳಾಗಿದ್ದವು. ಗಂಟಲಿನ ಆಪರೇಷನ್ ಆದ ಮೇಲೆ ಅವಳ ಮಾತು ಮೊದಲಿನಂತೆಯೇ ಮರಳಿತು, ಬೈಗುಳವಂತೂ ಮೊದಲಿಗಿಂತ ಸ್ಪಷ್ಟವಾಗಿ ಬಂತು. ಹಾಡಿನ ದನಿ ಮಾತ್ರ ಕೆಳಗಿಳಿದುಬಿಟ್ಟಿತು. ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ವಿಜಯಪುರ, ಕಲಬುರಗಿ ಕಡೆಯ ಹೆಂಗಸರದೊಂದು ಭಜನಾ ಮಂಡಳಿ ಇದೆ. ಅವ್ವ ಅಲ್ಲಿ ಮೊದಲ ಸಾಲು ಎತ್ತುವವಳು, ಶಾಂತಕ್ಕ ಹಾರ್ಮೋನಿಯಂ ನುಡಿಸುವವಳು. ಮಂಡಳಿ ಹುಟ್ಟಿದಾಗಿನಿಂದ ಎಲ್ಲರೂ ಹಾಡುವುದು ಒಂದೇ ಶ್ರುತಿಯಲ್ಲಿ, ಹಾರ್ಮೋನಿಯಮ್ಮಿನ ನಾಲ್ಕನೆಯ ಕರಿ ಮನೆಯಲ್ಲಿ, ಅಂದರೆ ಕರಿ ಕೀಲಿಯಲ್ಲಿ. ಅಲ್ಲಿಗೆ ಅವ್ವನ ದನಿ ಈಗ ಏರುತ್ತಿರಲಿಲ್ಲ. ನನ್ನೊಬ್ಬಳಿಗಾಗಿ ಇಳಿಸಿರಿ ಎಂದು ಕೇಳುವುದು ಅವಳಿಗೆ ಭಿಕ್ಷೆ ಬೇಡಿದಂತೆ. ಹೀಗಾಗಿ ಹಿಂದಿನ ಸಾಲಿನಲ್ಲಿ ಕೂತು ತಾಳ ಹಾಕುತ್ತಿದ್ದಳು. ಮನೆಯಲ್ಲಾದರೂ ಹಾಡಲಿ ಎಂದು ನಾನು ಮೊಬೈಲಿನಲ್ಲಿ ತಂಬೂರಿ ಹಾಕಿಕೊಟ್ಟರೆ, "ದೇವರ ಪದದ ನಡುವ ಸಾಲ ಬೇಕೇನ್ರೀ ಅಂತ ಫೋನ್ ಬರತದ, ತಗಿ ಅದನ್ನ" ಎಂದಳು. ಫೋನು ಎತ್ತಿಟ್ಟೆ.

ಆದ್ದರಿಂದ ನಾನೇ ಏನಾದರೂ ನುಡಿಸಿ ಅವಳನ್ನು ಹಾಡಿಸಬೇಕೆಂದು ಹೊರಟೆ. ಕಾಲೇಜಿನಲ್ಲಿ ಗೆಳತಿಯೊಬ್ಬಳ ಗಿಟಾರಿನ ಮೇಲೆ ಕೆಲವು ಕಾರ್ಡುಗಳನ್ನು, ಅಂದರೆ ಬೆರಳಿನ ಹಿಡಿತಗಳನ್ನು ಕಲಿತಿದ್ದೆ. ಆದರೆ ದೊಡ್ಡ ಗಿಟಾರು ತಂದರೆ ನಮ್ಮ ಮನೆಯಲ್ಲಿ ಯಾರಾದರೂ ಒಬ್ಬರು ನಿಂತುಕೊಂಡು ಮಲಗಬೇಕಾಗುತ್ತದೆ. ಲೋಕಲ್ ರೈಲಿನ ಮಾತಂತೂ ಬೇಡ. ಅಲ್ಲಿ ನನ್ನ ಮೊಣಕೈಗೇ ಜಾಗವಿಲ್ಲ. ಗಿಟಾರಿನ ತಂಗಿಯಂಥ ಯುಕುಲೆಲೆ ಪುಟ್ಟದು, ಆದರೆ ಅದಕ್ಕೆ ನಾಲ್ಕೇ ತಂತಿ, ನಾನು ಕಲಿತ ಹಿಡಿತಗಳು ಅಲ್ಲಿ ಕೂರುವುದಿಲ್ಲ. ಆಗ ಸಿಕ್ಕಿದ್ದು ಇವೆರಡರ ನಡುವಿನ ಸಂತಾನ: ಯುಕುಲೆಲೆಯ ಮೈ, ಗಿಟಾರಿನ ಆರು ತಂತಿ, ಹೆಸರು ಗಿಟಾಲೆಲೆ. ಇದರಲ್ಲೂ ಎರಡು ಪಂಗಡ. ಒಂದು, ದೊಡ್ಡ ಗಿಟಾರಿನ ಶ್ರುತಿಯಲ್ಲೇ ನುಡಿಯುತ್ತೇನೆ ಎನ್ನುವಂಥದ್ದು. ಇನ್ನೊಂದು, ನಾನು ಚಿಕ್ಕದು, ನನ್ನ ದನಿಯೇ ಬೇರೆ ಎಂದು ಒಪ್ಪಿಕೊಂಡದ್ದು. ಬೇರೆ ಎಂದರೆ ಇಂಪು ಬೇರೆ ಎಂದಷ್ಟೇ ನಾನು ತಿಳಿದೆ. ವೀಡಿಯೊಗಳಲ್ಲಿ ಎರಡನ್ನೂ ಎಲ್ಲರೂ ಹೊಗಳುತ್ತಾರೆ. ಎಲ್ಲರೂ ಹೊಗಳಿದರೆ ನನಗೆ ನಿದ್ದೆ ಬರುವುದಿಲ್ಲ. ಕುತ್ತಿಗೆಯ ಅಗಲ, ಮರದ ಜಾತಿ, ಚೀಲದ ಜಿಪ್ಪು, ಎಲ್ಲಕ್ಕೂ ಪರ-ವಿರೋಧ ಬರೆದು, ಒಂದು ಭಾನುವಾರ ಅವ್ವನನ್ನು ಕರೆದುಕೊಂಡು ಉಲ್ಹಾಸನಗರದ ಅಂಗಡಿಗೆ ಹೋದೆ.

ಮೊದಲನೆಯದನ್ನು ಮೀಟಿದೆ. ಗಿಡ್ಡ ಕುತ್ತಿಗೆಯ ಮೇಲೆ ಅಷ್ಟು ಕೆಳಗಿನ ಶ್ರುತಿ ನಿಲ್ಲಬೇಕಾದರೆ ತಂತಿ ಸಡಿಲವಾಗಿರಲೇಬೇಕು. ದಪ್ಪ ತಂತಿ ಬಟ್ಟೆ ಒಣಹಾಕುವ ಹಗ್ಗದಂತೆ ತೂಗಾಡಿ ಗೊರಗೊರ ಎಂದಿತು. ಎರಡನೆಯದು ಬಿಗಿಯಾಗಿತ್ತು, ಇಂಪಾಗಿತ್ತು. ಅದೇ ಕಾರಣಕ್ಕೆ ನನಗೆ ಅನುಮಾನ ಬಂತು. ಅಂಗಡಿಯವರು "ಮೇಡಮ್, ಯೇ ಥೋಡಾ ಊಪರ್ ಬಜ್ತಾ ಹೈ", ಇದು ಸ್ವಲ್ಪ ಮೇಲೆ ನುಡಿಯುತ್ತದೆ, ಎಂದರು. ಮಾರುವವರು ತಮ್ಮ ಸಾಮಾನನ್ನು ಮೇಲು ಎನ್ನದೆ ಕೀಳು ಎನ್ನುತ್ತಾರೆಯೇ ಎಂದುಕೊಂಡು ಆ ಮಾತನ್ನು ಅಲ್ಲಿಯೇ ತಳ್ಳಿಹಾಕಿದೆ. ಅವರು ಹೇಳಿದ್ದು ಶ್ರುತಿಯ ವಿಷಯ ಎಂದು ನನಗೆ ಹೊಳೆಯಲಿಲ್ಲ. ನನ್ನ ಪ್ರಶ್ನೆಗಳು ಮುಗಿಯದಿದ್ದಾಗ ಅವರು ಸ್ಟೂಲಿನ ಮೇಲೆ ಕೂತು ಕೇಳಿದರು: "ಲೇನಾ ಹೈ, ಯಾ ಕೇಸ್ ಲಡ್ನಾ ಹೈ?" ಕೊಳ್ಳುವುದೋ, ಇಲ್ಲಾ ಕೇಸು ನಡೆಸುವುದೋ ಎಂದು.

ಅಷ್ಟರಲ್ಲಿ ಅವ್ವ ಮೆಲ್ಲಗೆ ಕೇಳಿದಳು: "ಪಟ್ಟಿ ಯಾವದದ?"

ನನಗೆ ಎಷ್ಟು ಸಂತೋಷವಾಯಿತೆಂದರೆ, ಮೊಬೈಲ್ ತೆಗೆದು ನನ್ನ ಹೋಲಿಕೆಯ ಪಟ್ಟಿಯನ್ನು ಕುತ್ತಿಗೆಯ ಅಗಲದಿಂದ ಜಿಪ್ಪಿನವರೆಗೆ ಓದಿದೆ. ಅವ್ವ ಪೂರ್ತಿ ಕೇಳಿದಳು. ಆಮೇಲೆ ಅಂಗಡಿಯವರ ಕಡೆ ತಿರುಗಿ, "ಇಕೀ ಹಿಂಗ ಅದಾಳ್ರೀ, ಆ ಎರಡನೇದ ಕಟ್ಟಿ ಕೊಡ್ರಿ" ಎಂದಳು. ಅವರಿಗೆ ಕನ್ನಡ ಬರುವುದಿಲ್ಲ. ಆದರೂ ತಕ್ಷಣ ಅರ್ಥವಾಯಿತು.

ಪಟ್ಟಿ ಎಂದರೆ ಹಾರ್ಮೋನಿಯಂ ಜನರ ಭಾಷೆಯಲ್ಲಿ ಶ್ರುತಿ ಎಂದು ಮರಳುವ ರೈಲಿನಲ್ಲಿ ಅವ್ವನೇ ತಿಳಿಸಿದಳು. ಶಾಲೆಯ ಪುಸ್ತಕದಿಂದ ಕನ್ನಡ ಕಲಿತ ಡೊಂಬಿವಲಿಯ ಹುಡುಗಿಗೆ ಪಟ್ಟಿ ಎಂದರೆ ಲಿಸ್ಟು ಅಷ್ಟೇ. ಮನೆಗೆ ಬಂದು ಗಿಟಾರಿನ 'ಸಿ' ಹಿಡಿತ ಹಿಡಿದು ಮೀಟಿ, 'ಸಿ' ಎಂದರೆ ಹಾರ್ಮೋನಿಯಮ್ಮಿನ ಮೊದಲ ಬಿಳಿ ಮನೆ ಎಂದು ಫೋನಿನಲ್ಲಿ ನೋಡಿಕೊಂಡು, "ಬಿಳಿ ಒಂದು" ಎಂದು ಘೋಷಿಸಿದೆ. ಅವ್ವ ಗಂಟಲು ಸರಿಮಾಡಿಕೊಂಡಳು. ಒಂದು ಸಾಲು ಹಾಡಿದಳು. ನಿಲ್ಲಿಸಿದಳು. ಮತ್ತೆ ಹಾಡಿದಳು. ದನಿ ದಪ್ಪವಾಗಿತ್ತು, ನಾನು ಹಿಂದೆ ಕೇಳಿರದಂಥದ್ದು, ಆದರೆ ಎಲ್ಲಿಯೂ ಒಡೆಯಲಿಲ್ಲ. "ಬಿಳಿ ಒಂದು ಇಷ್ಟ ಆರಾಮ ಅದ ಅಂತ ಗೊತ್ತ ಇರಲಿಲ್ಲ ನೋಡು" ಎಂದಳು. ವಾರವಿಡೀ ಹಾಡಿದಳು. ಕಡೆಗೆ ಏಕಾದಶಿಯ ಭಜನೆಯಲ್ಲಿ ತಾನೇ ಮೊದಲ ಸಾಲು ಎತ್ತುತ್ತೇನೆಂದು ಶಾಂತಕ್ಕನಿಗೆ ಹೇಳಿ ಬಂದಳು.

ಏಕಾದಶಿಯ ಮಧ್ಯಾಹ್ನ ಸೊಸೈಟಿಯ ಹಾಲಿನಲ್ಲಿ ಅವ್ವ ಎಲ್ಲರ ಮುಂದೆ, ನಾಚಿಕೆ ಬಿಟ್ಟು, "ನನಗ ಬಿಳಿ ಒಂದು ಕೊಡ್ರಿ" ಎಂದಳು. ಶಾಂತಕ್ಕ ಕೊಟ್ಟಳು. ಅವ್ವ ಬಾಯಿ ತೆರೆದಳು. ಮೇಲೆ ಹೋದರೆ ದನಿ ಒಡೆಯಿತು, ಕೆಳಗೆ ಇಳಿದರೆ ದನಿಯೇ ಸಿಗಲಿಲ್ಲ. ಅವಳು ತಾಳದ ಕಡೆ ಕೈ ಚಾಚಿದಳು. ಆ ಕೈ ತಾಳವನ್ನು ಮುಟ್ಟಿದರೆ ಇನ್ನೆಂದೂ ಬಿಡುವುದಿಲ್ಲವೆಂದು ನನಗೆ ಅನ್ನಿಸಿತು. ಜೊತೆಗೆ ತಂದಿದ್ದ ಗಿಟಾಲೆಲೆ ಹಿಡಿದು ಎದ್ದು ನಿಂತು, ಕಲಿತ ವಿದ್ಯೆಯನ್ನೆಲ್ಲ ಸೇರಿಸಿ, ಶಾಂತಕ್ಕನ ಹಾರ್ಮೋನಿಯಂ ತಪ್ಪು ಎಂದು ವಾದ ಹೂಡಿದೆ.

"ನಮ್ಮ ಅತ್ತಿ ಕಾಲದ ಪೇಟಿ ತಪ್ಪು, ನಿನ್ನ ಈ ಗೊಂಬಿ ಖರೇ ಏನ?" ಎಂದಳು ಶಾಂತಕ್ಕ. "ಬಾರಸು, ನೋಡೂಣು."

ಮೀಟಿದೆ. ಶಾಂತಕ್ಕ ಒಂದೊಂದೇ ಮನೆ ಒತ್ತುತ್ತ ಬಂದಳು. ಬಿಳಿ ಒಂದು ಕೂಡಲಿಲ್ಲ, ಎರಡು ಇಲ್ಲ, ಮೂರೂ ಇಲ್ಲ. ನಾಲ್ಕನೆಯದರ ಮೇಲೆ ಎರಡು ದನಿಗಳೂ ಒಂದಾದವು. "ಇದು ಬಿಳಿ ನಾಲ್ಕವಾ, ಶಾಣ್ಯಾಕಿ" ಎಂದಳು. ಗಿಟಾರಿನ ಹಿಡಿತವನ್ನೇ ಹಿಡಿದರೂ ಈ ವಾದ್ಯ ಅಷ್ಟು ಮೇಲೆ ನುಡಿಯುತ್ತದೆ ಎಂಬುದು ನನಗೆ ಆಗ ತಿಳಿಯಿತು. ನನ್ನ ಮುಖ ಹೇಗಾಯಿತೋ ಗೊತ್ತಿಲ್ಲ, ಏಕೆಂದರೆ ಯಾರೂ ನನ್ನ ಕಡೆ ನೋಡಲಿಲ್ಲ. ಅವ್ವ ಬಿಳಿ ನಾಲ್ಕರಲ್ಲಿ ಹಾಡಲು ಶುರು ಮಾಡಿದ್ದಳು. ಎರಡನೆಯ ಸಾಲಿಗೆ ಮಂಡಳಿಯೆಲ್ಲ ಕೂಡಿಕೊಂಡಿತು, ಎಂದೂ ಇಲ್ಲದಷ್ಟು ತುಂಬಿದ ದನಿಯಲ್ಲಿ. ಪದ ಮುಗಿದ ಮೇಲೆ ಶಾಂತಕ್ಕ ಬೆವರು ಒರೆಸಿಕೊಂಡು ಹೇಳಿದಳು: "ಕರಿ ನಾಲ್ಕು ನನಗೂ ಭಾಳ ದಿವಸದಿಂದ ಏರತಿದ್ದಿಲ್ಲ. ನೀವೆಲ್ಲಾ ಹಾಡತೀರಿ, ನಾ ಒಬ್ಬಾಕೀನ ಹೆಂಗ ಹೇಳ್ಲಿ ಅಂತ ಸುಮ್ಮನಿದ್ದೆ." "ನಾನೂ" ಎಂದಳು ಒಬ್ಬಳು. "ನಾವೂ" ಎಂದರು ಹಿಂದಿನ ಸಾಲಿನವರು. ಅಂದಿನಿಂದ ಮಂಡಳಿಯ ಪಟ್ಟಿ ಬಿಳಿ ನಾಲ್ಕು.

ಆ ಪುಟ್ಟ ವಾದ್ಯಕ್ಕೆ, ಅದನ್ನು ಕಟ್ಟಿಕೊಟ್ಟ ಅಂಗಡಿಯವರಿಗೆ, ನನ್ನ ತಪ್ಪನ್ನು ಕಂಡುಹಿಡಿದ ಶಾಂತಕ್ಕನಿಗೆ ನಾನು ಋಣಿ. ಇದಕ್ಕೆ ಎದುರು ಪಕ್ಷ ಹುಡುಕಿದೆ, ಸಿಗಲಿಲ್ಲ. ಈಗ ನಾನು ಮನೆಯಿಂದ ಕೆಲಸ ಮಾಡುವ ದಿನಗಳಲ್ಲಿ ಅವ್ವ ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿಯನ್ನೂ ಲೆಕ್ಕಿಸದೆ ಹಾಡುತ್ತಾಳೆ. ಆಫೀಸಿನ ಮೀಟಿಂಗಿನಲ್ಲಿ ನಾನು ಮ್ಯೂಟ್ ಒತ್ತಿ ಬರಿದೆ ತಲೆಯಾಡಿಸುತ್ತ ಕೂತಿರುತ್ತೇನೆ. ಮೊನ್ನೆ ನಮ್ಮ ಬಾಸ್ ಎಲ್ಲರೆದುರು ಹೊಗಳಿದರು: ಇತ್ತೀಚೆಗೆ ನಾನು ತುಂಬ ಪ್ರಬುದ್ಧಳಾಗಿದ್ದೇನಂತೆ, ಪ್ರತಿಯೊಂದಕ್ಕೂ ಅಡ್ಡ ಮಾತಾಡುವುದಿಲ್ಲವಂತೆ. ಮ್ಯೂಟ್ ತೆಗೆದು ಇದನ್ನು ಖಂಡಿಸಬೇಕೆಂದಿದ್ದೆ. ಆದರೆ ಅವ್ವ ಅಷ್ಟರಲ್ಲಿ ಎರಡನೆಯ ನುಡಿ ಎತ್ತಿಕೊಂಡುಬಿಟ್ಟಿದ್ದಳು.