ಬಾರ್ಲಿ ಕಷಾಯ ತಣಿಸುವ ತಾಮ್ರದ ಸುರುಳಿಯ ಆಯ್ಕೆ ಮತ್ತು ಬಳಕೆ ಕುರಿತು

ನಿವಾಸಿಗಳ ಸಮಿತಿ, ತಂಪು ಪಾನೀಯ ವಿಭಾಗ
ಬಿನ್ ಒಮ್ರಾನ್, ದೋಹಾ

ಸಂಖ್ಯೆ: ತಂಪಾವಿ/ಸುರುಳಿ/05/2025
ದಿನಾಂಕ: 4-8-2025, ಸೋಮವಾರ

ಸುತ್ತೋಲೆ

ವಿಷಯ: ಕುದಿಸಿದ ಬಾರ್ಲಿ ಕಷಾಯವನ್ನು ಅರ್ಧ ಗಂಟೆಯೊಳಗೆ ತಣಿಸುವ ಹಾಗೂ ಗುರುವಾರದೊಳಗೆ ಕಟ್ಟಡದ ಮರ್ಯಾದೆ ಉಳಿಸಿಕೊಳ್ಳುವ ಬಗ್ಗೆ.

ಉಲ್ಲೇಖ:
1) ಈ ವಿಭಾಗದ ಸುತ್ತೋಲೆ ಸಂಖ್ಯೆ 04 (ಯಾರೂ ಓದಿರುವುದಿಲ್ಲ).
2) ಮೂರನೇ ಮಹಡಿಯ ರುಕಿಯಾ ಅವರ ವಾಟ್ಸಾಪ್ ಧ್ವನಿ ಸಂದೇಶ, ಅವಧಿ ನಾಲ್ಕು ನಿಮಿಷ ಹನ್ನೆರಡು ಸೆಕೆಂಡು.
3) ಲಿಫ್ಟಿನ ಸೀಲಿಂಗಿನ ಮೇಲಿನ ಕಲೆ.

ಪ್ರಸ್ತಾವನೆ:

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಏಲಕ್ಕಿಯೊಂದಿಗೆ ಕುದಿಸಿ, ಸೋಸಿ, ತಣಿಸಿ ಕುಡಿಯುವ ಪಾನೀಯವನ್ನು ಐದನೇ ಮಹಡಿಯ ಯಜ್ಞೇಶ್ ಅವರು ಕಳೆದ ಎರಡು ವರ್ಷಗಳಿಂದ ತಯಾರಿಸುತ್ತಿರುವುದು ಸರಿಯಷ್ಟೆ. ಇದೇ ಕಷಾಯಕ್ಕೆ ಯೀಸ್ಟ್ ಬೆರೆಸಿಟ್ಟರೆ ಬಿಯರ್ ಆಗುವುದೆಂದೂ, ಬೆರೆಸದಿರುವುದೇ ಈ ವಿಭಾಗದ ಈವರೆಗಿನ ಏಕೈಕ ಸಾಧನೆಯೆಂದೂ ಪುನರುಚ್ಚರಿಸಲಾಗಿದೆ. ಆದರೆ ಕಷಾಯವು ನಿಧಾನವಾಗಿ ತಣಿದಲ್ಲಿ, ಗಾಳಿಯಲ್ಲಿರುವ ಯೀಸ್ಟ್ ಯಾರ ಅನುಮತಿಯನ್ನೂ ಪಡೆಯದೆ ಬಂದು ಕುಳಿತು, ಎರಡನೇ ದಿನಕ್ಕೆ ಗುಳ್ಳೆ ಎಬ್ಬಿಸುತ್ತದೆ. ಆದ್ದರಿಂದ ಬೇಗ ತಣಿಸುವುದು ದೇಶದ ಕಾನೂನಿಗೂ ಮೂರನೇ ಮಹಡಿಯ ಮನಸ್ಸಾಕ್ಷಿಗೂ ಏಕಕಾಲಕ್ಕೆ ಸಂಬಂಧಿಸಿದ ವಿಷಯವಾಗಿರುತ್ತದೆ.

ಕಳೆದ ವಾರದ ತಯಾರಿಯ ಒಂದು ಬಾಟಲಿಯ ಮುಚ್ಚಳ ಲಿಫ್ಟಿನಲ್ಲಿ ಹಾರಿರುತ್ತದೆ (ಉಲ್ಲೇಖ 3). ಇನ್ನೊಂದು ಬಾಟಲಿಯಿಂದ ರುಕಿಯಾ ಅವರ ಪತಿ, ಕಟ್ಟಡದ ಹಿರಿಯರಾದ ಅಬ್ಬಾಸ್ ಅವರಿಗೆ ಬಗ್ಗಿಸಿ ಕೊಡಲಾಗಿ, ಅವರು ಲೋಟವನ್ನು ಕಿವಿಯ ಹತ್ತಿರ ಹಿಡಿದು, "ಇದು ಒಳಗೆ ಎಂತದೋ ಮಾತಾಡ್ತಾ ಉಂಟು ಮಾರಾಯಾ. ಮಾತಾಡದ್ದು ಇದ್ರೆ ಕೊಡು" ಎಂದು ಕೆಳಗಿಟ್ಟು, ನೀರು ಕುಡಿದು ಹೋಗಿರುತ್ತಾರೆ. ಮೂವತ್ತನಾಲ್ಕು ವರ್ಷಗಳ ನಂತರ ಅಬ್ಬಾಸ್ ದಂಪತಿ ಇದೇ ಶುಕ್ರವಾರ ಊರಿಗೆ ಶಾಶ್ವತವಾಗಿ ಹೊರಡಲಿದ್ದಾರೆ. ಗುರುವಾರ ಸಂಜೆಯ ಬೀಳ್ಕೊಡುಗೆಗೆ ಅವರು ಕೇಳಿರುವುದು ಈ ಪಾನೀಯ ಒಂದನ್ನೇ. ಅಂಗಡಿಯ ಕಿತ್ತಳೆ ರಸ ಕೊಟ್ಟು ಕಳುಹಿಸಿದಲ್ಲಿ ತಾವು ಮತ್ತೆ ಅಡುಗೆಮನೆಗೆ ಕಾಲಿಡುವುದಿಲ್ಲವೆಂದು ಯಜ್ಞೇಶ್ ಅವರು ತಿಳಿಸಿದ್ದು, ಇದನ್ನು ಅವರ ಮನೆಯವರು ಬೆದರಿಕೆಯೆಂದು ಪರಿಗಣಿಸಿರುವುದಿಲ್ಲ.

ವಿಚಾರಣೆಯ ಸಾರಾಂಶ:

ಯಜ್ಞೇಶ್ ಅವರು ರಾಸ್ ಲಫಾನ್‌ನಲ್ಲಿ ಅನಿಲವನ್ನು ಸೊನ್ನೆಗಿಂತ ನೂರ ಅರವತ್ತು ಡಿಗ್ರಿ ಕೆಳಗೆ ತಣಿಸಿ ದ್ರವ ಮಾಡುವ ಸ್ಥಾವರದ ಇಂಜಿನಿಯರ್ ಆಗಿರುತ್ತಾರೆ. ಇಪ್ಪತ್ತು ಲೀಟರ್ ಕಷಾಯ ಮಾತ್ರ ಅವರಿಂದ ತಣಿದಿರುವುದಿಲ್ಲ. ಕಾರಣ: ಒಳಗೆ ತಣ್ಣೀರು ಹರಿಸಿ ಕಷಾಯದಲ್ಲಿ ಮುಳುಗಿಸಿಡುವ ಕೊಳವೆ ಸುರುಳಿಯೊಂದಿಗೆ ಬಂದ ಕೈಪಿಡಿಯಲ್ಲಿ "ತಣ್ಣೀರಿನ ನಲ್ಲಿಗೆ ಜೋಡಿಸಿ" ಎಂದಿದ್ದು, ಅವರು ನೀಲಿ ಗುರುತಿನ ನಲ್ಲಿಗೆ ಜೋಡಿಸಿದ್ದಾರೆ. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನಿಂದ ನೀಲಿ ನಲ್ಲಿಗೆ ಬರುವ ನೀರಿನಲ್ಲಿ ಚಹಾದ ಪುಡಿ ಹಾಕಿದರೆ ಬಣ್ಣ ಬಿಡುತ್ತದೆಂಬುದೂ, ಏಪ್ರಿಲ್‌ನಲ್ಲಿಯೇ ಗೀಸರ್ ಆಫ್ ಮಾಡಿ, ಎಸಿಯ ತಂಪಿನಲ್ಲಿ ಕುಳಿತ ಅದರ ನೀರನ್ನೇ ಕೆಂಪು ನಲ್ಲಿಯಿಂದ ತಣ್ಣೀರೆಂದು ಬಳಸಬೇಕೆಂಬುದೂ ಇಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುವ ಸಂಗತಿ. ಸ್ನಾನಕ್ಕೆ ಹನ್ನೊಂದು ವರ್ಷಗಳಿಂದ ನೀಲಿ ನಲ್ಲಿ ಮುಟ್ಟದವರು ಕೈಪಿಡಿ ಕೈಗೆ ಬಂದೊಡನೆ ಮುಟ್ಟಿದ್ದೇಕೆಂದು ಕೇಳಲಾಗಿ, "ಅದರಲ್ಲಿ ಚಿತ್ರ ಸಹ ಇತ್ತು" ಎಂದು ಉತ್ತರಿಸಿರುತ್ತಾರೆ. ಕಷಾಯ ಐವತ್ತೊಂದು ಡಿಗ್ರಿಗೆ ಇಳಿದು ನಿಂತಿದ್ದು, ಅಲ್ಲಿಂದ ಮುಂದೆ ಸುರುಳಿಯು ಅದನ್ನು ಎರಡು ಗಂಟೆ ಕಾಲ ಬೆಚ್ಚಗೆ ಕಾಪಾಡಿರುತ್ತದೆ.

ಆದುದರಿಂದ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ಮುಳುಗಿಸುವ ಸುರುಳಿಯನ್ನೇ ಬಳಸತಕ್ಕದ್ದು. ತಟ್ಟೆಗಳನ್ನು ಒತ್ತಿಟ್ಟ ಮಾದರಿಯು ಹೆಚ್ಚು ಚುರುಕೆಂದು ಯಜ್ಞೇಶ್ ಅವರು ವಾದಿಸಿದ್ದು, "ಒಳಗೆ ಕೈ ಹೋಗದ ಪಾತ್ರೆಯನ್ನು ತೊಳೆದೆ ಅಂತ ಹೇಳುವವರನ್ನು ನಾನು ನಂಬುದಿಲ್ಲ" ಎಂಬ ರುಕಿಯಾ ಅವರ ಅಭಿಪ್ರಾಯದ ಮೇರೆಗೆ ಸದರಿ ವಾದವನ್ನು ತಿರಸ್ಕರಿಸಲಾಗಿದೆ.

2. ಸುರುಳಿಯು ತಾಮ್ರದ್ದಾಗಿರತಕ್ಕದ್ದು. ಕೈಪಿಡಿಯೊಂದಿಗೆ ಬಂದ ಸ್ಟೀಲ್ ಸುರುಳಿ ಹೊಳೆಯುತ್ತದೆ, ತಣಿಸುವುದಿಲ್ಲ. ಎಸಿ ಮೆಕ್ಯಾನಿಕ್ ಶರಲ್ ಅವರು ಬಿರಿಯಾನಿ ಹಂಡೆಯ ಅಳತೆಗೆ ಹೊಸ ಕೊಳವೆ ಬಗ್ಗಿಸಿ ಕೊಡಲು ಒಪ್ಪಿರುತ್ತಾರೆ. ಈ ಹಿಂದೆ ಎಸಿಯಲ್ಲಿ ಸೇವೆ ಸಲ್ಲಿಸಿದ ಕೊಳವೆಯ ಮರುನೇಮಕ ನಿಷಿದ್ಧ.

3. ಸುರುಳಿಯನ್ನು ಹುಣಸೆಹುಳಿಯಲ್ಲಿ ತಿಕ್ಕತಕ್ಕದ್ದು. ಆ ಹುಣಸೆಯನ್ನು ಅನಂತರ ಸಾರಿಗೆ ಬಳಸತಕ್ಕದ್ದಲ್ಲ. ಇದನ್ನು ಬರೆಯಬೇಕಾಗಿ ಬಂದಿರುವುದಕ್ಕೆ ವಿಭಾಗವು ವಿಷಾದಿಸುತ್ತದೆ.

4. ಕುದಿ ಮುಗಿಯಲು ಹತ್ತು ನಿಮಿಷ ಇರುವಾಗಲೇ ಸುರುಳಿಯನ್ನು ಹಂಡೆಗೆ ಇಳಿಸಿ, ಅದರೊಂದಿಗೆ ಕುದಿಸತಕ್ಕದ್ದು. ಬಿಸಿಯಲ್ಲಿ ಶುದ್ಧವಾಗದ ಸುರುಳಿ ತಂಪಿನಲ್ಲಿ ಶುದ್ಧವಾಗುವುದಿಲ್ಲ.

5. ನೀಲಿ ನಲ್ಲಿಗೆ ತಯಾರಿಯ ದಿನವಾದ ಬುಧವಾರ ಪೂರ್ತಿ ಪ್ಲಾಸ್ಟಿಕ್ ಚೀಲ ಕಟ್ಟಿರತಕ್ಕದ್ದು. ಬಿಚ್ಚುವ ಅಧಿಕಾರ ಯಜ್ಞೇಶ್ ಅವರಿಗಿರುವುದಿಲ್ಲ.

6. ಒಂದು ಗೀಸರಿನ ನೀರು ಸಾಲದ ಕಾರಣ, ಪ್ರತಿ ಮನೆಯವರು ತಮ್ಮ ಗೀಸರಿನಿಂದ ಒಂದು ಬಕೆಟ್ ನೀರನ್ನು ಬುಧವಾರ ಸಂಜೆ ಐದಕ್ಕೆ ಐದನೇ ಮಹಡಿಗೆ ತಲುಪಿಸತಕ್ಕದ್ದು. ನಾಲ್ಕರಿಂದ ಐದರವರೆಗೆ ಯಾರೂ ಸ್ನಾನ ಮಾಡತಕ್ಕದ್ದಲ್ಲ. ಈಗಾಗಲೇ ಸೋಪು ಹಚ್ಚಿಕೊಂಡವರ ಮನವಿಗಳನ್ನು ಪ್ರಕರಣವಾರು ಪರಿಶೀಲಿಸಲಾಗುವುದು.

7. ಸುರುಳಿಯೊಳಗೆ ಹರಿಸುವ ಈ ಬಕೆಟ್ ನೀರಿಗೆ ಹಾಕಲು ಐಸ್ ಬೇಕಾಗಿದ್ದು, ಕಟ್ಟಡದ ದೊಡ್ಡ ಫ್ರೀಜರ್ ರುಕಿಯಾ ಅವರದ್ದು. ಅದರಲ್ಲಿ ಬಂಗುಡೆ ತುಂಬಿದೆ. ಶುಕ್ರವಾರ ವಿಮಾನವಿರುವವರ ಮನೆಯಲ್ಲಿ ಇಷ್ಟೊಂದು ಮೀನೇಕೆ ಎಂಬ ಪ್ರಶ್ನೆಗೆ, "ಗುರುವಾರ ನಿಮಗೆಲ್ಲ ಎಂತ, ಸುತ್ತೋಲೆ ಕಾಯಿಸಿ ಬಡಿಸುದಾ?" ಎಂಬ ಉತ್ತರ ಬಂದಿರುತ್ತದೆ. ಸದರಿ ಬಂಗುಡೆಗಳನ್ನು ಆರು ಮನೆಗಳ ಫ್ರಿಜ್‌ಗಳಿಗೆ ನಿಯೋಜನೆಯ ಮೇಲೆ ವರ್ಗಾಯಿಸಲಾಗಿದೆ. ನಿಯೋಜನೆಯ ಅವಧಿಯಲ್ಲಿ ಅವು ಸಾರಾಗತಕ್ಕದ್ದಲ್ಲ.

8. ಸುರುಳಿಯಿಂದ ಹೊರಬರುವ ಬಿಸಿನೀರು ವ್ಯರ್ಥವಾಗಬಾರದೆಂದು, ಅದನ್ನು ತಣ್ಣಗಾಗಲು ತಾರಸಿಗೆ ಒಯ್ಯುವ ಪ್ರಸ್ತಾವ ಬಂದಿತ್ತು. ಪ್ರಸ್ತಾವ ಯಾರದೆಂದು ಹೇಳುವ ಅಗತ್ಯವಿಲ್ಲ. ತಿರಸ್ಕರಿಸಲಾಗಿದೆ.

9. ತಣಿಯುವಾಗ ಕಷಾಯವನ್ನು ನಿಧಾನವಾಗಿ ಕಲಕುತ್ತಿರತಕ್ಕದ್ದು. ಹಂಡೆಯ ಮೇಲೆ ಬಗ್ಗಿ ಮಾತನಾಡತಕ್ಕದ್ದಲ್ಲ. "ಯಲ್ಲಾ, ಆಗ್ತದೆ" ಎಂಬ ಅವಸರದ ವಾಕ್ಯವನ್ನು ಥರ್ಮಾಮೀಟರ್ ಎಂದು ಪರಿಗಣಿಸಲಾಗುವುದಿಲ್ಲ.

10. ಗುರುವಾರ ಮೊದಲ ಲೋಟ ಅಬ್ಬಾಸ್ ಅವರಿಗೆ. ಅವರು ಅದನ್ನು ಕಿವಿಗೆ ಹಿಡಿದಿರುವಷ್ಟು ಹೊತ್ತು ಎಸಿಯನ್ನು ನಿಲ್ಲಿಸಿ, ಎಲ್ಲರೂ ಬೆವರುತ್ತ ಮೌನವಾಗಿರತಕ್ಕದ್ದೆಂದು ಈ ಮೂಲಕ ಸೂಚಿಸಲಾಗಿದೆ.

(ಸಹಿ)
ವತ್ಸಲಾ
ಕಾರ್ಯದರ್ಶಿ, ತಂಪು ಪಾನೀಯ ವಿಭಾಗ

(ಸಹಿ ಮಾಡಿದವರು ಯಜ್ಞೇಶ್ ಅವರ ಪತ್ನಿಯಾಗಿದ್ದು, ಈ ಸಂಬಂಧವು ಸುತ್ತೋಲೆಯ ಭಾಷೆಯನ್ನು ಸಾಕಷ್ಟು ಮೃದುಗೊಳಿಸಿರುತ್ತದೆ.)

ಪ್ರತಿಗಳು:

1. ಎಲ್ಲ ಮಹಡಿಗಳ ನಿವಾಸಿಗಳಿಗೆ, ಬಕೆಟ್ ಸಮೇತ ಹಾಜರಾಗಲು.
2. ಶರಲ್ ಅವರಿಗೆ, ಅಗತ್ಯ ಬಾಗುವಿಕೆಗಾಗಿ.
3. ರುಕಿಯಾ ಅವರಿಗೆ, ಧ್ವನಿ ಸಂದೇಶದ ಎರಡನೇ ಭಾಗವನ್ನು ಕಳುಹಿಸಬಾರದೆಂಬ ಕೋರಿಕೆಯೊಂದಿಗೆ.
4. ಯಜ್ಞೇಶ್ ಅವರಿಗೆ, ಫ್ರಿಜ್ ಬಾಗಿಲಿಗೆ ಅಂಟಿಸುವ ಮೂಲಕ.
5. ಅಬ್ಬಾಸ್ ಅವರಿಗೆ, ಮಾಹಿತಿಗಾಗಿ. ಲಗೇಜಿನಲ್ಲಿ ಈ ಹಾಳೆಗೆ ತೂಕವಿಲ್ಲ.
6. ಕಚೇರಿ ಕಡತಕ್ಕೆ.

(ಕಡತದ ಪ್ರತಿಯ ಮೇಲಿನ ಷರಾ, 7-8-2025: ಸಂಜೆ 6.50ಕ್ಕೆ ಎಸಿ ನಿಲ್ಲಿಸಲಾಯಿತು. ಲೋಟವನ್ನು ಕಿವಿಗೆ ಹಿಡಿಯಲಾಯಿತು. ಬಹಳ ಹೊತ್ತು ಹಿಡಿಯಲಾಯಿತು. ಅಬ್ಬಾಸ್ ಅವರು "ಸುಮ್ಮನೆ ಉಂಟು" ಎಂದು ಕುಡಿದು, ಲೋಟವನ್ನು ಯಜ್ಞೇಶ್ ಅವರ ಕಡೆ ಚಾಚಿ, "ಇನ್ನೊಂದು ಹಾಕು ಮಾರಾಯಾ, ಊರಲ್ಲಿ ನೀಲಿ ನಲ್ಲಿಯಲ್ಲಿ ತಣ್ಣೀರೇ ಬರುದು, ಅಲ್ಲಿ ನಿನ್ನ ಅಗತ್ಯ ಇಲ್ಲ" ಎಂದಿರುತ್ತಾರೆ. ಯಜ್ಞೇಶ್ ಅವರ ಮುಖದ ಮೇಲಿನ ನೀರನ್ನು, ಎಸಿ ಇಲ್ಲದ ಕಾರಣ, ಬೆವರೆಂದು ದಾಖಲಿಸಲಾಗಿದೆ.)